ಮೂರು ಮೂಲೆಯ ಗುಡ್ಡ

ಹನ್ನೊಂದು ವರ್ಷ ನಾನು ಕರಿಹಲಗೆಯ ಮೇಲೆ
ಒಂದೇ ಗುಡ್ಡ ಬರೆದೆ.
ಎರಡು ಓರೆಗೆರೆ, ಮೇಲೆ ಚೂಪು,
ಮಗ್ಗುಲಿಗೆ ಇನ್ನೊಂದು, ನಡುವೆ ಅರ್ಧ ಸೂರ್ಯ,
ಸೂರ್ಯನ ಬುಡದಿಂದ ಹೊರಟು ಹಾಳೆಯ ಅಂಚಿಗೆ ಬೀಳುವ ಹೊಳೆ.
ಹಂಚಿನ ಮನೆ. ತೆಂಗಿನ ಮರ.
"ಇದರಂಗ ತೆಗೀರಿ" ಅಂದೆ, ತೆಗೆದರು.
ಮೂವತ್ತೆಂಟು ಹಾಳೆ, ಮೂವತ್ತೆಂಟು ಹೊಳೆ,
ವಾರಕ್ಕೊಮ್ಮೆ ನಳ ಬರುವ ಓಣಿಯಲ್ಲಿ.
ಎಲ್ಲಕ್ಕೂ ಕೆಂಪು ಪೆನ್ನಿನಿಂದ 'ಚಂದ' ಎಂದು ಬರೆದು
ಕಪಾಟಿಗೆ ಹಾಕಿದೆ.

ಗುಳೇದಗುಡ್ಡದ ಗುಡ್ಡಕ್ಕೆ ಚೂಪಿಲ್ಲ.
ಶಾಲೆಯ ಕಿಟಕಿಯ ಸರಳಿನಾಚೆ ಅದು
ಪದರಿನ ಮೇಲೆ ಪದರು,
ಅಂಗಡಿಯಲ್ಲಿ ಒಟ್ಟಿದ ಖಣಗಳ ಹಾಗೆ,
ಮೇಲೆ ಸಪಾಟು.
ಇದನ್ನು ಈಗ ಹೇಳುತ್ತಿದ್ದೇನೆ.
ಆಗ ಆ ಕಿಟಕಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದೆ.

ನಾಲ್ಕನೇ ಇಯತ್ತೆಯ ದಾಕ್ಷಾಯಣಿ ಒಂದು ಶುಕ್ರವಾರ
ತೂತುಗಳನ್ನು ಬರೆದು ತಂದಳು.
ಹಾಳೆ ತುಂಬ ತೂತು, ಸಾಲು ಸಾಲು,
ಅಲ್ಲಲ್ಲಿ ಬಿಟ್ಟು ಬಿಟ್ಟು,
ಕೆಳಗೆ ಎರಡು ಪಾದ.
"ಇದೇನವಾ?"
"ನಮ್ಮ ಮನೀರಿ."
"ಮನಿಗೆ ಗ್ವಾಡಿ ಎಲ್ಲೈತಿ?"
ರಸೂಲ್ ನಕ್ಕ. ಅವನ ಹಿಂದೆ ಇಡೀ ಸಾಲು.
ನಾನು 'ಚಂದ' ಬರೆಯಲಿಲ್ಲ. ಏನೂ ಬರೆಯಲಿಲ್ಲ.
ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಪಾಟಿಚೀಲದ ತಳಕ್ಕೆ ತುರುಕಿದಳು.

ಆಧಾರ್ ಕಾರ್ಡಿನ ಝೆರಾಕ್ಸ್ ಬೇಕಾಗಿತ್ತು, ಅದಕ್ಕೆ ಅವರ ಮನೆಗೆ ಹೋದೆ.
ಚಿತ್ರಕ್ಕಾಗಿ ಹೋದೆ ಎಂದರೆ ಸುಳ್ಳಾದೀತು.
ತಗ್ಗು ಬಾಗಿಲು. ಒಳಗೆ ಕತ್ತಲು,
ಕತ್ತಲಿಗೆ ಖಟಲ್ ಖಟ್ ಸಪ್ಪಳ,
ಕುಣಿಯೊಳಗೆ ಸೊಂಟದ ತನಕ ಇಳಿದು
ಪರಪ್ಪ ಮಗ್ಗ ತುಳಿಯುತ್ತಿದ್ದ.
"ಬರ್ರಿ ಅಕ್ಕೋರ, ಕುಂಡ್ರಿ."
ಕುಣಿಯ ದಂಡೆಗೇ ಕೂತೆ. ಕೂತು ಮೇಲೆ ನೋಡಿದೆ.

ಮಗ್ಗದ ನೆತ್ತಿಯಲ್ಲಿ ಹಾರದಂತೆ ತೂಗಿದ ರಟ್ಟಿನ ಪಟ್ಟಿಗಳು,
ರಟ್ಟಿನ ತುಂಬ ತೂತು,
ತೂತಿನ ತುಂಬ ಬೆಳಕಿಂಡಿಯ ಬಿಸಿಲು.
ಒಂದು ತುಳಿತಕ್ಕೆ ಒಂದು ಪಟ್ಟಿ ಹೊರಳುತ್ತದೆ,
ಗೋಡೆಯ ಮೇಲಿನ ಚಿಕ್ಕಿಗಳೆಲ್ಲ ಒಂದು ಹೆಜ್ಜೆ ಸರಿಯುತ್ತವೆ.
ಇದರ ಕೆಳಗೇ ಅವಳ ತೊಟ್ಟಿಲು ಕಟ್ಟಿದ್ದರಂತೆ.

"ಯಾವ ತೂತಿಗೆ ಯಾವ ಹೂ ಬೀಳತೈತಿ ಅಂತ ಕೇಳತಿರತಾಳ್ರೀ.
ನಂಗೇನ್ ಗೊತ್ತು, ತೂತು ಬಡದವ್ರ ಬ್ಯಾರೆ.
ಆದ್ರ ಕೇಳಿದಾಗ ಲಾಳಿ ನಿಲ್ಲಸತೀನಿ,
ಇಬ್ರೂ ಕೂಡಿ ನೋಡತೀವಿ.
ಒಂದ್ ಖಣಕ್ಕ ಅರ್ಧ ತಾಸು ಹೆಚ್ಚಿಗಿ ಹಿಡೀತೈತಿ, ಹಿಡೀಲಿ."

ಅರ್ಧ ತಾಸು.
ಹನ್ನೊಂದು ವರ್ಷದಲ್ಲಿ ಯಾವ ಹಾಳೆಯ ಮುಂದೆ
ನಾನು ಅರ್ಧ ನಿಮಿಷ ನಿಂತಿದ್ದೆ?

ಸೋಮವಾರ ಕರಿಹಲಗೆ ಒರೆಸಿದೆ, ಏನೂ ಬರೆಯಲಿಲ್ಲ.
"ಕಿಟಕಿ ಕಡೆ ಹೊಳ್ಳಿ ಕುಂಡ್ರಿ."
"ಏನ್ ತೆಗೀಬೇಕ್ರೀ?"
"ಮದ್ಲ ನೋಡ್ರಿ."
ಗದ್ದಲ. ಇಬ್ಬರಿಗೆ ನೀರಡಿಕೆ, ಒಬ್ಬನಿಗೆ ಒಂದಕ್ಕೆ.
ನನಗೂ ಬೇಸರವೇ ಬಂತು.
ಆಮೇಲೆ ರಸೂಲ್ ಎದ್ದು ನಿಂತು ಕೂಗಿದ,
ಯಾರೋ ಕದ್ದೊಯ್ದಂತೆ:
"ಅಕ್ಕೋರ, ಗುಡ್ಡಕ್ಕ ತುದಿನೇ ಇಲ್ರೀ!"

ಒಬ್ಬಳು ಬರೀ ಸರಳು ಬರೆದಳು, ಗುಡ್ಡವಿಲ್ಲ.
ಒಬ್ಬ ಸರಳಿನ ಮೇಲಿನ ಪಾರಿವಾಳದ ಹಿಕ್ಕೆ.
ಅರ್ಧಕ್ಕರ್ಧ ಮಂದಿ ರೂಢಿಯಂತೆ ಮೂರು ಮೂಲೆಯನ್ನೇ ಬರೆದರು.

ದಾಕ್ಷಾಯಣಿಯೂ.
ಚೂಪು ಗುಡ್ಡ, ಅರ್ಧ ಸೂರ್ಯ, ಹೊಳೆ, ತೆಂಗಿನ ಮರ;
ಒಂದು ಗೆರೆಯೂ ತಪ್ಪಿರಲಿಲ್ಲ.
"ಚಂದ ಅಂತ ಬರೀರಿ ಅಕ್ಕೋರ."
ಶುಕ್ರವಾರದ ಪಾಠ ಅವಳು ಸರಿಯಾಗಿಯೇ ಕಲಿತಿದ್ದಳು.

ಪೆನ್ನು ಕಿಸೆಗಿಟ್ಟು ಅವಳ ಪಕ್ಕ ನೆಲಕ್ಕೆ ಕೂತೆ.
"ಈ ಹೊಳಿ ಎಲ್ಲಿಂದ ಬರತೈತಿ?"
ಮಾತಿಲ್ಲ.
ಗಂಟೆ ಬಾರಿಸಿತು, ಮಕ್ಕಳು ಊಟದ ತಾಟು ಹಿಡಿದು ಓಡಿದರು.
ನಾನು ಏಳಲಿಲ್ಲ.
ಅವಳು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿ
ಪೆನ್ಸಿಲಿನ ಮೊನೆಯಿಂದ ಹೊಳೆಯ ನಡುವೆ
ಒಂದು ತೂತು ಹೊಡೆದಳು,
ಹಾಳೆಯನ್ನೆತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.